ಸ್ವಿಚ್ ಒತ್ತಿದ ಮೇಲೆ ಮುಸುರೆ ಎಲ್ಲಿಗೆ ಹೋಗುತ್ತದೆ?

ನಮಸ್ಕಾರ. ಅಮೆರಿಕದಲ್ಲಿ ಮನೆ ಮಾಡಿರುವ ನಮ್ಮವರಿಗೆಲ್ಲ ಸಿಂಕಿನ ಕೆಳಗಿನ ಗಾರ್ಬೇಜ್ ಡಿಸ್ಪೋಸಲ್ ಗೊತ್ತೇ ಇದೆ. ಉಳಿದದ್ದನ್ನು ತಳ್ಳಿ, ನಲ್ಲಿ ಬಿಟ್ಟು, ಸ್ವಿಚ್ ಒತ್ತಿದರೆ ಗರ್ ಅಂತ ಅರೆದುಬಿಡುತ್ತದೆ. ಊರಿನ ಒಳಚರಂಡಿಗೆ ಸೇರಿದ ಮನೆಯಾದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಆದರೆ ಈ ದೇಶದಲ್ಲಿ ಸುಮಾರು ಐದು ಮನೆಗೆ ಒಂದು ಮನೆ ಸೆಪ್ಟಿಕ್ ಟ್ಯಾಂಕ್ ನಂಬಿಕೊಂಡಿದೆ.

ಮ್ಯಾಸಚೂಸೆಟ್ಸ್‌ನಲ್ಲಿ ನಾವು ಕೊಂಡ ಮನೆಯೂ ಅಂಥದ್ದೇ. ಅಪಾರ್ಟ್‌ಮೆಂಟಿನ ಅಭ್ಯಾಸ ಬಿಡಲಿಲ್ಲ. ಮೂರು ವರ್ಷ ಅನ್ನ, ಸಾರಿನ ಗಷ್ಟು, ತೆಂಗಿನ ನಾರು, ಬೆಳಗಿನ ಕಾಫಿ ಚರಟ ಎಲ್ಲ ಡಿಸ್ಪೋಸಲ್ ಒಳಕ್ಕೇ ಹಾಕಿದೆವು.

ಆಮೇಲೆ ಟ್ಯಾಂಕ್ ಖಾಲಿ ಮಾಡಲು ಬಂದವರು ಹುಲ್ಲು ಅಗೆದು ಮುಚ್ಚಳ ಎತ್ತಿದರು. ಪಕ್ಕದಲ್ಲೇ ನಿಂತಿದ್ದೆ. ಮೇಲೆ ಗೇಣುದ್ದ ದಪ್ಪದ ಜಿಡ್ಡಿನ ಕೆನೆ, ಅದರಲ್ಲಿ ಕರಿಬೇವಿನ ಚೂರು. ಕೋಲು ಇಳಿಸಿ ಎತ್ತಿದರೆ ತುದಿಯಲ್ಲಿ ಕಪ್ಪು ಕೆಸರು, ಕೆಸರಿನ ತುಂಬ ಚರಟದ ತರಿ. ಸಿಂಕಿನಲ್ಲಿ ಗ್ರೈಂಡರ್ ಇದೆ ಅಲ್ವಾ ಅಂತ ನಾನು ಬಾಯಿ ಬಿಡುವ ಮೊದಲೇ ಕೇಳಿದರು.

ಟ್ಯಾಂಕಿನಲ್ಲಿ ಭಾರದ್ದು ತಳಕ್ಕೆ ಇಳಿಯುತ್ತದೆ, ಎಣ್ಣೆ ತುಪ್ಪ ಮೇಲೆ ತೇಲುತ್ತದೆ, ನಡುವಿನ ನೀರು ಮಾತ್ರ ತೂತಿನ ಪೈಪುಗಳಲ್ಲಿ ಹರಿದು ಅಂಗಳದ ಮಣ್ಣಿಗೆ ಇಂಗಬೇಕು. ಕೊಳೆಸುವುದು ಬ್ಯಾಕ್ಟೀರಿಯಾಗಳ ಕೆಲಸ. ಮಲ ಹೊಟ್ಟೆಯಲ್ಲಿ ಒಮ್ಮೆ ಜೀರ್ಣವಾಗಿ ಬಂದದ್ದು. ಅರೆದ ಅಡುಗೆ ಹಾಗಲ್ಲ, ಕರಗುವುದು ನಿಧಾನ. ನುಣ್ಣಗೆ ಅರೆದರೆ ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ, ಆದರೆ ಆ ಸಣ್ಣ ಕಣಗಳು ತಳಕ್ಕೆ ಇಳಿಯದೆ ನೀರಿನ ಜೊತೆ ಹೊರಟು ಇಂಗುವ ಜಾಗದ ಮಣ್ಣಿನ ಸಂದುಗಳನ್ನೇ ಮುಚ್ಚುತ್ತವೆ. ಟ್ಯಾಂಕ್ ಖಾಲಿ ಮಾಡಿಸಲು ಕೆಲವು ನೂರು ಡಾಲರ್ ಸಾಕು, ಇಂಗುವ ಜಾಗ ಕೆಟ್ಟರೆ ಸಾವಿರಗಟ್ಟಲೆ. ನಮ್ಮ ರಾಜ್ಯದ ನಿಯಮದಲ್ಲೂ ಗ್ರೈಂಡರ್ ಇರುವ ಮನೆಗೆ ಆ ಜಾಗ ಅರ್ಧದಷ್ಟು ಜಾಸ್ತಿ ಇರಬೇಕು.

ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೊಮ್ಮೆ ಖಾಲಿ ಮಾಡಿಸುತ್ತಾರೆ. ಗ್ರೈಂಡರ್ ಬಳಸುವವರು ಅಷ್ಟು ಕಾಯಬೇಡಿ. ಅಂಗಡಿಯ ಬ್ಯಾಕ್ಟೀರಿಯಾ ಪುಡಿ ಸುರಿದು ಸುಮ್ನೆ ಇರಬೇಡಿ, ತಳದ ಗಸಿಯನ್ನು ಎತ್ತಿಸಲೇಬೇಕು. ಜಿಡ್ಡಿನ ಬಾಣಲೆಯನ್ನು ತೊಳೆಯುವ ಮೊದಲು ಕಾಗದದಲ್ಲಿ ಒರೆಸಿಬಿಡಿ.

ಅಜ್ಜಿಯ ಮನೆಯಲ್ಲಿ ಅಕ್ಕಿ ತೊಳೆದ ನೀರು, ಮಿಕ್ಕ ಅನ್ನ, ತರಕಾರಿ ಸಿಪ್ಪೆ ಎಲ್ಲ ಕಲಗಚ್ಚಿನ ಬಾನಿಗೆ, ಅಲ್ಲಿಂದ ಹಸುವಿಗೆ. ಒಂದು ಅಗಳೂ ಮೋರಿಗೆ ಹೋಗುತ್ತಿರಲಿಲ್ಲ. ಇಲ್ಲಿ ನಾವು ಸಿಂಕಿನ ಪಕ್ಕ ಮುಚ್ಚಳದ ಬಕೆಟ್ ಇಟ್ಟಿದ್ದೇವೆ. ಚರಟ, ಸಿಪ್ಪೆ ಹಿತ್ತಲಿನ ಗೊಬ್ಬರದ ಗುಡ್ಡೆಗೆ ಹೋಗುತ್ತದೆ. ಬೇಯಿಸಿದ್ದು ಹಾಕಿದರೆ ಇಲಿ ಬರುತ್ತದೆ, ಹಾಗಾಗಿ ಬೇಯಿಸಿದ್ದೆಲ್ಲ ಕಸದ ಚೀಲಕ್ಕೆ. ಜನವರಿಯಲ್ಲಿ ಗುಡ್ಡೆ ಹೆಪ್ಪುಗಟ್ಟಿ ಕಲ್ಲಾಗುತ್ತದೆ, ಆದರೂ ಹಿಮ ಸರಿಸಿ ಮೇಲೆ ಸುರಿಯುತ್ತೇವೆ. ಏಪ್ರಿಲ್‌ನಲ್ಲಿ ಕರಗಿ ಕೊಳೆಯಲು ಶುರುವಾಗುತ್ತದೆ. ಕಳೆದ ಬೇಸಿಗೆಯಲ್ಲಿ ಮೆಂತ್ಯದ ಮಡಿಗೆ ಹಾಕಿದ್ದು ಅದೇ ಗೊಬ್ಬರ.