‘ಈಗ ಬೇಡ’ ಎನ್ನುವ ಮಾತಿನ ತೂಕ: ಮಾನವ ಬಾಹ್ಯಾಕಾಶಯಾನದ ಅಪಾಯ ಮತ್ತು ಸಾಧನೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ವಿಜ್ಞಾನದ ಆಸಕ್ತಿಯಿಂದ ಇಲ್ಲಿ ಸೇರಿರುವ ಗೆಳೆಯರೇ,

1983ರ ಸೆಪ್ಟೆಂಬರ್ 26ರ ರಾತ್ರಿ, ಸೋವಿಯತ್ ಒಕ್ಕೂಟದ ಬೈಕನೂರು ಉಡಾವಣಾ ಕೇಂದ್ರದಲ್ಲಿ ವ್ಲಾಡಿಮಿರ್ ಟಿಟೋವ್ ಮತ್ತು ಗೆನ್ನಡಿ ಸ್ಟ್ರೆಕಲೋವ್ ಎಂಬ ಇಬ್ಬರು ಗಗನಯಾತ್ರಿಗಳು ಇಂಧನ ತುಂಬಿದ ರಾಕೆಟ್ಟಿನ ತುದಿಯಲ್ಲಿ, ಸೊಯುಜ್ ನೌಕೆಯೊಳಗೆ ಕುಳಿತಿದ್ದರು. ಉಡಾವಣೆಗೆ ಒಂದೂವರೆ ನಿಮಿಷ ಬಾಕಿಯಿದ್ದಾಗ ಇಂಧನ ಸೋರಿ ರಾಕೆಟ್ಟಿನ ಬುಡಕ್ಕೆ ಬೆಂಕಿ ಹತ್ತಿತು. ಒಳಗಿದ್ದವರಿಗೆ ಆ ಬೆಂಕಿ ಕಾಣುವಂತಿರಲಿಲ್ಲ. ಅವರನ್ನು ಪಾರುಮಾಡುವ ವ್ಯವಸ್ಥೆಗೆ ಆದೇಶ ಒಯ್ಯಬೇಕಿದ್ದ ತಂತಿಗಳು ಸುಟ್ಟುಹೋಗಿದ್ದವು. ಕೊನೆಗೆ ನೆಲದ ಮೇಲಿನ ಇಬ್ಬರು ಅಧಿಕಾರಿಗಳು ಐದು ಸೆಕೆಂಡುಗಳ ಅಂತರದೊಳಗೆ ತಮ್ಮ ತಮ್ಮ ಗುಂಡಿಗಳನ್ನು ಒತ್ತಿ, ರೇಡಿಯೊ ಮೂಲಕ ಆ ಆದೇಶವನ್ನು ಕಳಿಸಿದರು. ನೌಕೆಯ ನೆತ್ತಿಯ ಮೇಲಿದ್ದ ಚಿಕ್ಕ ರಾಕೆಟ್ ಉರಿದು, ಅವರಿಬ್ಬರನ್ನೂ ಭೂಮಿಯ ಗುರುತ್ವದ ಹದಿನಾಲ್ಕು ಪಟ್ಟಿಗೂ ಮೀರಿದ ಸೆಳೆತದಲ್ಲಿ ಮೇಲಕ್ಕೆ ಕಿತ್ತುಕೊಂಡು ಹೋಯಿತು. ಕ್ಷಣಗಳಲ್ಲೇ ಕೆಳಗಿನ ರಾಕೆಟ್ ಸಿಡಿಯಿತು. ಸುಮಾರು ನಾಲ್ಕು ಕಿಲೋಮೀಟರ್ ಆಚೆಗೆ ಅವರಿಬ್ಬರೂ ಪ್ಯಾರಾಶೂಟಿನ ನೆರವಿನಿಂದ ಜೀವಂತ ಇಳಿದರು.

ಆರು ತಿಂಗಳು ಕಳೆದು, 1984ರ ಏಪ್ರಿಲ್ 3ರಂದು ಅದೇ ಬೈಕನೂರಿನಿಂದ ಸೊಯುಜ್ ಟಿ-11 ಹಾರಿತು. ದಂಡನಾಯಕ ಯೂರಿ ಮಾಲಿಶೆವ್, ಫ್ಲೈಟ್ ಎಂಜಿನಿಯರ್ ಇದೇ ಸ್ಟ್ರೆಕಲೋವ್, ಮೂರನೆಯವರು ಭಾರತೀಯ ವಾಯುಪಡೆಯ ರಾಕೇಶ್ ಶರ್ಮಾ. ಶರ್ಮಾ ಅವರ ಹೆಸರು ನಮ್ಮ ಶಾಲಾಮಕ್ಕಳಿಗೂ ಗೊತ್ತು. ಅವರ ಪಕ್ಕದಲ್ಲಿ ಕುಳಿತಿದ್ದವರು ಅರ್ಧ ವರ್ಷದ ಹಿಂದಷ್ಟೇ ಉರಿಯುವ ರಾಕೆಟ್ಟಿನಿಂದ ಪಾರಾಗಿ ಬಂದವರೆಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ಎಳೆ ಇಲ್ಲಿಂದಲೇ ಹೊರಡುತ್ತದೆ. ಮಾನವ ಬಾಹ್ಯಾಕಾಶಯಾನದ ದುರಂತಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಹೆಚ್ಚಿನವುಗಳ ಮೂಲದಲ್ಲಿ ಸಿಗುವುದು ಯಾರಿಗೋ ಮೊದಲೇ ಗೊತ್ತಿದ್ದ, ಆದರೆ ನಿರ್ಧಾರ ಮಾಡುವವರ ಕಿವಿಗೆ ಮುಟ್ಟದ ಅಥವಾ ಮುಟ್ಟಿಯೂ ನಾಟದ ದೋಷ. ಹಾಗಾಗಿ ಸಾಧನೆಯ ಲೆಕ್ಕ ಬರೆಯುವಾಗ ಚಂದ್ರನ ಮೇಲಿನ ಹೆಜ್ಜೆಗಳ ಜೊತೆಗೆ, ‘ಈಗ ಬೇಡ’ ಎಂದು ಒಬ್ಬ ಎಂಜಿನಿಯರ್ ಹೇಳುವ ಮಾತಿಗೆ ತೂಕ ತಂದುಕೊಟ್ಟ ಶಿಸ್ತನ್ನೂ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ.

ಮೊದಲ ಪಾಠ ನೆಲದ ಮೇಲೆಯೇ ಆಯಿತು. 1967ರ ಜನವರಿ 27ರಂದು ಫ್ಲೋರಿಡಾದ ಉಡಾವಣಾ ವೇದಿಕೆಯಲ್ಲಿ ಅಪೊಲೊ ನೌಕೆಯ ಪೂರ್ವಾಭ್ಯಾಸ ನಡೆಯುತ್ತಿದ್ದಾಗ ಒಳಗೆ ಬೆಂಕಿ ಹೊತ್ತಿ ಗಸ್ ಗ್ರಿಸಮ್, ಎಡ್ ವೈಟ್, ರೋಜರ್ ಚಾಫೀ ಮೂವರೂ ತೀರಿಕೊಂಡರು. ರಾಕೆಟ್ಟಿನಲ್ಲಿ ಇಂಧನವಿಲ್ಲದ ಕಾರಣ ಆ ದಿನದ ಪರೀಕ್ಷೆಯನ್ನು ಅಪಾಯಕಾರಿ ಎಂದು ವರ್ಗೀಕರಿಸಿರಲೇ ಇಲ್ಲ. ಆದರೆ ನೌಕೆಯೊಳಗೆ ತುಂಬಿದ್ದುದು ವಾತಾವರಣದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದ ಶುದ್ಧ ಆಮ್ಲಜನಕ. ಬಾಗಿಲು ಒಳಮುಖವಾಗಿ ತೆರೆಯುವಂಥದು, ಬೆಂಕಿಯಿಂದ ಒಳಗಿನ ಒತ್ತಡ ಏರಿದೊಡನೆ ಅದನ್ನು ಎಳೆಯುವುದು ಯಾರಿಂದಲೂ ಆಗದು. ಬಳಿಕ ಬಾಗಿಲು ಹೊರಮುಖವಾಯಿತು, ಉಡಾವಣೆಯ ಹೊತ್ತಿಗೆ ಒಳಗಿನ ಗಾಳಿಯಲ್ಲಿ ಸಾರಜನಕ ಬೆರೆಯಿತು, ಬೇಗ ಹೊತ್ತಿಕೊಳ್ಳುವ ಸಾಮಗ್ರಿಗಳು ಹೊರಬಿದ್ದವು. ಎರಡೂವರೆ ವರ್ಷದಲ್ಲಿ, 1969ರ ಜುಲೈನಲ್ಲಿ, ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ಮೇಲೆ ಇಳಿದದ್ದು ಹೀಗೆ ತಿದ್ದಿದ ನೌಕೆಯ ಬಲದಿಂದ.

ಸೋವಿಯತ್ ಪಾಳಯದಲ್ಲೂ ಅದೇ ವರ್ಷ ಏಪ್ರಿಲ್‌ನಲ್ಲಿ ಸೊಯುಜ್-1ರ ಪ್ಯಾರಾಶೂಟ್ ತೆರೆಯದೆ ವ್ಲಾಡಿಮಿರ್ ಕೊಮರೋವ್ ಪ್ರಾಣ ಕಳೆದುಕೊಂಡರು. ಅದಕ್ಕಿಂತಲೂ ಮನಸ್ಸನ್ನು ಕಲಕುವುದು 1971ರ ಜೂನ್ 30ರ ಘಟನೆ. ಜಗತ್ತಿನ ಮೊದಲ ಬಾಹ್ಯಾಕಾಶ ನಿಲ್ದಾಣವಾದ ಸಲ್ಯೂತ್-1ರಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ಇದ್ದು ದೊಬ್ರೊವೊಲ್ಸ್ಕಿ, ವೊಲ್ಕೊವ್, ಪತ್ಸಯೇವ್ ಮೂವರೂ ಸೊಯುಜ್-11ರಲ್ಲಿ ಮರಳುತ್ತಿದ್ದರು. ನೌಕೆಯ ಭಾಗಗಳು ಬೇರ್ಪಡುವಾಗ, ನೆಲದ ಸಮೀಪ ಬಂದ ಮೇಲೆ ತೆರೆಯಬೇಕಿದ್ದ ಒತ್ತಡದ ಕವಾಟವೊಂದು ಸುಮಾರು 168 ಕಿಲೋಮೀಟರ್ ಎತ್ತರದಲ್ಲೇ ತೆರೆದುಕೊಂಡು ಗಾಳಿಯೆಲ್ಲ ಹೊರಹೋಯಿತು. ಸ್ವಯಂಚಾಲಿತ ವ್ಯವಸ್ಥೆ ತನ್ನ ಕೆಲಸ ಮಾಡಿತು, ನೌಕೆ ಹುಲ್ಲುಗಾವಲಿನಲ್ಲಿ ಸರಿಯಾಗಿಯೇ ಇಳಿಯಿತು. ಬಾಗಿಲು ತೆಗೆದವರಿಗೆ ಸಿಕ್ಕಿದ್ದು ಮೂರು ನಿಶ್ಚಲ ದೇಹಗಳು. ಮೂವರೂ ಒತ್ತಡ ಕಾಯುವ ಉಡುಪು ತೊಟ್ಟಿರಲಿಲ್ಲ, ಏಕೆಂದರೆ ಆ ಉಡುಪು ತೊಟ್ಟ ಮೂವರಿಗೆ ಅಲ್ಲಿ ಜಾಗವೇ ಇರಲಿಲ್ಲ. ಬಳಿಕ ಸುಮಾರು ಒಂಬತ್ತು ವರ್ಷ ಸೊಯುಜ್‌ನಲ್ಲಿ ಇಬ್ಬರಷ್ಟೇ ಪ್ರಯಾಣ ಮಾಡಿದರು, ಅದೂ ‘ಸೊಕೊಲ್’ ಎಂಬ ಹೊಸ ಉಡುಪಿನೊಳಗೆ. ರಾಕೇಶ್ ಶರ್ಮಾ ಅವರ ಹಳೆಯ ಚಿತ್ರಗಳಲ್ಲಿ ಕಾಣುವ ಬಿಳಿಯ ಉಡುಪು ಅದೇ. ಸೊಯುಜ್‌ನಲ್ಲಿ ಅಂದಿನಿಂದ ಇಂದಿನವರೆಗೆ ಯಾತ್ರಿಯೊಬ್ಬರೂ ಸತ್ತಿಲ್ಲ.

ಈಗ ಅಮೆರಿಕದ ಶಟಲ್ ನೌಕೆ ಚಾಲೆಂಜರ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಬಾಹ್ಯಾಕಾಶ ಶಟಲ್‌ನ ಎರಡು ಬದಿಯ ಬೂಸ್ಟರ್‌ಗಳನ್ನು, ಅಂದರೆ ಅದನ್ನು ಮೇಲಕ್ಕೆ ತಳ್ಳುವ ನೆರವಿನ ರಾಕೆಟ್ಟುಗಳನ್ನು, ತುಂಡುತುಂಡಾಗಿ ತಯಾರಿಸಿ ಜೋಡಿಸುತ್ತಿದ್ದರು. ಆ ಸಂದುಗಳಿಂದ ಬಿಸಿ ಅನಿಲ ಹೊರಬಾರದಂತೆ ತಡೆಯುತ್ತಿದ್ದವು ರಬ್ಬರಿನ ಓ-ರಿಂಗ್‌ಗಳು. ಅಡುಗೆಮನೆಯ ಕುಕ್ಕರಿನ ಗ್ಯಾಸ್ಕೆಟ್ ಮಾಡುವ ಕೆಲಸವನ್ನೇ ಅವು ಅಲ್ಲಿ ಮಾಡುತ್ತಿದ್ದವು. ಹಿಂದಿನ ಹಲವು ಹಾರಾಟಗಳಲ್ಲಿ ಆ ರಿಂಗ್‌ಗಳು ಸವೆದದ್ದು, ಅವನ್ನು ದಾಟಿ ಮಸಿ ನುಗ್ಗಿದ್ದು ಕಂಡುಬಂದಿತ್ತು. ಒಂದು ವರ್ಷದ ಹಿಂದೆ, 1985ರ ಜನವರಿಯ ಚಳಿಯಲ್ಲಿ ನಡೆದ ಉಡಾವಣೆಯಲ್ಲಂತೂ ಅದು ಎದ್ದುಕಾಣುವಷ್ಟಿತ್ತು. ಆದರೂ ಪ್ರತಿ ಸಲ ನೌಕೆ ಸುಖವಾಗಿ ಮರಳಿದ್ದರಿಂದ, ಮೊದಲು ದೋಷವೆನಿಸಿದ್ದು ಕ್ರಮೇಣ ವಾಡಿಕೆಯಾಯಿತು.

1986ರ ಜನವರಿ 27ರ ರಾತ್ರಿ, ಬೂಸ್ಟರ್ ತಯಾರಿಸಿದ ಮಾರ್ಟನ್ ಥಿಯೊಕಾಲ್ ಕಂಪನಿಯ ಎಂಜಿನಿಯರುಗಳು ದೂರವಾಣಿ ಸಭೆಯಲ್ಲಿ ನಾಸಾ ಅಧಿಕಾರಿಗಳಿಗೆ, ತಾಪಮಾನ 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಉಡಾವಣೆ ಬೇಡವೆಂದು ಹೇಳಿದರು. ರೋಜರ್ ಬೋಜೊಲಿ ಅವರಲ್ಲೊಬ್ಬರು. ನಾಸಾ ಕಡೆಯಿಂದ ಆಕ್ಷೇಪ ಬಂದೊಡನೆ ಕಂಪನಿಯ ಆಡಳಿತವರ್ಗ ತನ್ನವರ ಸಲಹೆಯನ್ನೇ ತಳ್ಳಿಹಾಕಿ ಒಪ್ಪಿಗೆ ಕೊಟ್ಟಿತು. ಮರುದಿನ ಬೆಳಗ್ಗೆ, ತಾಪಮಾನ ಸುಮಾರು 2 ಡಿಗ್ರಿ ಇದ್ದಾಗ ಚಾಲೆಂಜರ್ ಹೊರಟಿತು; 73 ಸೆಕೆಂಡುಗಳಲ್ಲಿ ಆಕಾಶದಲ್ಲೇ ಚೂರಾಯಿತು. ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಸೇರಿ ಏಳು ಮಂದಿ ಹೋದರು. ಚಳಿಗೆ ರಬ್ಬರು ತನ್ನ ಪುಟಿತ ಕಳೆದುಕೊಳ್ಳುತ್ತದೆ ಎಂಬುದನ್ನು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ತನಿಖಾ ಆಯೋಗದ ಮುಂದೆ ಒಂದು ಲೋಟ ಐಸ್ ನೀರಿನಲ್ಲಿ ತೋರಿಸಿಕೊಟ್ಟರು. ಆ ಲೋಟದ ಕಥೆ ಪ್ರಸಿದ್ಧವಾಗಿದೆ. ನನಗೆ ಅದಕ್ಕಿಂತ ಮಹತ್ವದ್ದೆನಿಸುವುದು ಆಯೋಗ ಕಂಡುಕೊಂಡ ಇನ್ನೊಂದು ಸಂಗತಿ: ಉಡಾವಣೆಗೆ ಕೊನೆಯ ಸಮ್ಮತಿ ಕೊಟ್ಟ ಹಿರಿಯ ಅಧಿಕಾರಿಗಳಿಗೆ ಹಿಂದಿನ ರಾತ್ರಿ ಎಂಜಿನಿಯರುಗಳು ಬೇಡವೆಂದಿದ್ದ ವಿಷಯವೇ ತಿಳಿದಿರಲಿಲ್ಲ.

ಹದಿನೇಳು ವರ್ಷಗಳ ಬಳಿಕ ಇನ್ನೊಂದು ಶಟಲ್, ಕೊಲಂಬಿಯಾ. 2003ರ ಜನವರಿ 16ರಂದು ಉಡಾವಣೆಯಾದ 82 ಸೆಕೆಂಡುಗಳಿಗೆ ಇಂಧನ ಟ್ಯಾಂಕಿನ ನಿರೋಧಕ ಫೋಮ್‌ನ ತುಂಡೊಂದು ಕಿತ್ತುಬಂದು ಎಡರೆಕ್ಕೆಯ ಅಂಚಿಗೆ ಬಡಿಯಿತು. ಕಕ್ಷೆಯಲ್ಲಿರುವಾಗಲೇ ರೆಕ್ಕೆಯ ಚಿತ್ರ ತೆಗೆಸಬೇಕೆಂದು ಎಂಜಿನಿಯರುಗಳು ಕೇಳಿಕೊಂಡರು, ಅದು ನಡೆಯಲಿಲ್ಲ. ಫೋಮ್ ಉದುರುವುದು ಹಿಂದೆಯೂ ಆಗಿತ್ತು, ಆದ್ದರಿಂದ ಅದನ್ನು ನೌಕೆ ಮರಳಿದ ಮೇಲೆ ಮಾಡುವ ದುರಸ್ತಿಯ ವಿಷಯವೆಂದಷ್ಟೇ ಬಗೆದಿದ್ದರು. ಫೆಬ್ರವರಿ 1ರಂದು ಮರಳುವಾಗ ಆ ಪೆಟ್ಟಿನಿಂದಾದ ತೂತಿನ ಮೂಲಕ ಉರಿಗಾಳಿ ಒಳಹೊಕ್ಕು ನೌಕೆ ಟೆಕ್ಸಸ್‌ನ ಮೇಲೆ ಛಿದ್ರವಾಯಿತು. ಕರ್ನಾಲ್‌ನಲ್ಲಿ ಹುಟ್ಟಿ ಬೆಳೆದ ಕಲ್ಪನಾ ಚಾವ್ಲಾ ಅವರಿಗೆ ಅದು ಎರಡನೆಯ ಯಾನ. ಇಸ್ರೋ ತನ್ನ ಹವಾಮಾನ ಉಪಗ್ರಹ ಮೆಟ್‌ಸ್ಯಾಟ್‌ಗೆ ಕಲ್ಪನಾ-1 ಎಂಬ ಹೆಸರಿಟ್ಟಿತು. ಕರ್ನಾಟಕ ಸರ್ಕಾರ ಯುವ ಮಹಿಳಾ ವಿಜ್ಞಾನಿಗಳಿಗಾಗಿ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿತು. ಇವೆಲ್ಲ ಉಚಿತವೇ. ಆದರೆ ತನಿಖಾ ಮಂಡಳಿ ಹೇಳಿದ್ದನ್ನು ಮರೆಯಬಾರದು: ಈ ದುರಂತಕ್ಕೆ ಫೋಮ್ ಎಷ್ಟು ಕಾರಣವೋ ಸಂಸ್ಥೆಯ ನಡವಳಿಕೆಯೂ ಅಷ್ಟೇ ಕಾರಣ. ಹಾನಿ ಬೇಗ ಗೊತ್ತಾಗಿದ್ದರೆ ಅಟ್ಲಾಂಟಿಸ್ ನೌಕೆಯನ್ನು ಕಳಿಸಿ ಅವರನ್ನು ಕರೆತರುವ ಒಂದು ಕಷ್ಟದ ಸಾಧ್ಯತೆ ಇತ್ತೆಂದೂ ಆ ತನಿಖೆ ಕಂಡುಕೊಂಡಿತು. ಒಟ್ಟು 135 ಶಟಲ್ ಹಾರಾಟಗಳಲ್ಲಿ ಎರಡು ನೌಕೆಗಳು, ಹದಿನಾಲ್ಕು ಜೀವಗಳು ಹೋದವು.

ಇಷ್ಟು ಬೆಲೆ ತೆತ್ತು ಪಡೆದದ್ದೇನು ಎಂದು ನೀವು ಕೇಳಬಹುದು, ಕೇಳಲೇಬೇಕು. ಹನ್ನೆರಡು ಮಂದಿ ಚಂದ್ರನ ಮೇಲೆ ನಡೆದು 382 ಕಿಲೋಗ್ರಾಂ ಕಲ್ಲುಮಣ್ಣು ತಂದರು. ಚಂದ್ರನ ಹುಟ್ಟಿನ ಬಗೆಗಿನ ಇಂದಿನ ತಿಳಿವಳಿಕೆ ಬಹುಪಾಲು ಅದರ ಮೇಲೆ ನಿಂತಿದೆ. 1990ರಲ್ಲಿ ಕಕ್ಷೆಗೇರಿದ ಹಬಲ್ ದೂರದರ್ಶಕದ ಕನ್ನಡಿಯ ಅಂಚು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಎರಡು ಪಾಲಿನಷ್ಟು ತಪ್ಪಾಗಿ ಉಜ್ಜಲ್ಪಟ್ಟು ಚಿತ್ರಗಳೆಲ್ಲ ಮಸುಕಾಗಿದ್ದವು. 1993ರ ಡಿಸೆಂಬರ್‌ನಲ್ಲಿ ಎಂಡೆವರ್ ಶಟಲ್‌ನ ಯಾತ್ರಿಗಳು ಐದು ಸಲ ನೌಕೆಯಿಂದ ಹೊರಬಂದು ದುಡಿದು ಅದಕ್ಕೆ ದೃಷ್ಟಿ ಕೊಟ್ಟರು. 2000ದ ನವೆಂಬರ್ 2ರಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಒಂದು ದಿನವೂ ಖಾಲಿ ಬಿದ್ದಿಲ್ಲ. ಹಾಗೆಂದು ಎಲ್ಲ ಕೆಲಸಕ್ಕೂ ಮನುಷ್ಯನೇ ಬೇಕೆಂದು ನಾನು ವಾದಿಸುವುದಿಲ್ಲ. ಗ್ರಹಗಳ ಶೋಧದಲ್ಲಿ ಯಂತ್ರಗಳು ಅಗ್ಗ, ಸಹನಶೀಲ, ಮತ್ತು ಅವು ಹಾಳಾದರೆ ಯಾರ ಮನೆಯಲ್ಲೂ ಸೂತಕವಿಲ್ಲ.

ಮನುಷ್ಯನ ಮೈಯ ಮೇಲೆ ನಿಧಾನವಾಗಿ ಎರಗುವ ಅಪಾಯಗಳೂ ಉಂಟು. ತೂಕವಿಲ್ಲದ ಸ್ಥಿತಿಯಲ್ಲಿ ದೇಹದ ಭಾರ ಹೊರುವ ಮೂಳೆಗಳು ತಿಂಗಳಿಗೆ ಶೇಕಡಾ ಒಂದರಿಂದ ಒಂದೂವರೆಯಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ. ಕಣ್ಣಿನ ನರ ಊದಿಕೊಳ್ಳುವುದುಂಟು. ಭೂಮಿಯ ಕಾಂತಕ್ಷೇತ್ರದ ಆಸರೆ ಬಿಟ್ಟು ದೂರ ಹೋದಂತೆ ವಿಕಿರಣದ ಹೊರೆ ಏರುತ್ತದೆ. ಸ್ವತಃ ವೈದ್ಯರಾಗಿದ್ದ ವಲೇರಿ ಪೊಲ್ಯಾಕೊವ್ 1994-95ರಲ್ಲಿ ಮೀರ್ ನಿಲ್ದಾಣದಲ್ಲಿ 437 ದಿನ ಒಂದೇ ಸಮನೆ ಇದ್ದು, ಇಳಿದ ಮೇಲೆ ತಮ್ಮ ಕಾಲ ಮೇಲೆ ತಾವೇ ನಡೆದು ತೋರಿಸಿದರು. ಮಂಗಳನ ದಾರಿಯ ಲೆಕ್ಕಾಚಾರಗಳಿಗೆ ಆ ಹೆಜ್ಜೆಗಳು ಒಂದು ಆಧಾರ.

ಕಲಿತ ಪಾಠ ನಿಜಕ್ಕೂ ಉಳಿದಿದೆಯೇ? ಎರಡು ಉದಾಹರಣೆ ಕೊಡುತ್ತೇನೆ. 2018ರ ಅಕ್ಟೋಬರ್ 11ರಂದು ಸೊಯುಜ್ ರಾಕೆಟ್ಟಿನ ಬದಿಯ ಬೂಸ್ಟರ್ ಸರಿಯಾಗಿ ಬೇರ್ಪಡದೆ ಮಧ್ಯದ ಹಂತಕ್ಕೆ ಬಡಿಯಿತು. ಪಾರುವ್ಯವಸ್ಥೆ ತಾನಾಗಿ ಕೆಲಸ ಮಾಡಿ ಅಲೆಕ್ಸಿ ಒವ್ಚಿನಿನ್ ಮತ್ತು ನಿಕ್ ಹೇಗ್ ಸುರಕ್ಷಿತವಾಗಿ ಇಳಿದರು, ಐದು ತಿಂಗಳಲ್ಲಿ ಇಬ್ಬರೂ ಮತ್ತೆ ಹಾರಿದರು. 2024ರಲ್ಲಿ ಬೋಯಿಂಗ್ ಕಂಪನಿಯ ಸ್ಟಾರ್‌ಲೈನರ್ ನೌಕೆಯಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅವರನ್ನು, ಥ್ರಸ್ಟರ್‌ಗಳ, ಅಂದರೆ ನೌಕೆಯ ಚಲನೆ ತಿದ್ದುವ ಚಿಕ್ಕ ಎಂಜಿನ್‌ಗಳ, ತೊಂದರೆ ಮತ್ತು ಹೀಲಿಯಂ ಸೋರಿಕೆಯ ಕಾರಣ, ಆ ನೌಕೆಯಲ್ಲಿ ಮರಳಿಸುವುದು ಬೇಡವೆಂದು ನಾಸಾ ತೀರ್ಮಾನಿಸಿತು. ಖಾಲಿ ನೌಕೆ ಸೆಪ್ಟೆಂಬರ್‌ನಲ್ಲಿ ಸುರಕ್ಷಿತವಾಗಿಯೇ ಇಳಿಯಿತು, ಅವರಿಬ್ಬರು ಬಂದದ್ದು 2025ರ ಮಾರ್ಚ್‌ನಲ್ಲಿ. ನಮ್ಮ ದೂರದರ್ಶನ ವಾಹಿನಿಗಳು ಅವರು ‘ಸಿಕ್ಕಿಹಾಕಿಕೊಂಡಿದ್ದಾರೆ’ ಎಂದು ತಿಂಗಳುಗಟ್ಟಲೆ ಕೂಗಿದವು. ನನ್ನ ದೃಷ್ಟಿಯಲ್ಲಿ ಅದು ನಾಸಾದ ಪ್ರೌಢ ನಿರ್ಧಾರಗಳಲ್ಲೊಂದು; ಖಾಲಿ ನೌಕೆ ಸರಿಯಾಗಿ ಇಳಿದ ಮಾತ್ರಕ್ಕೆ ಆ ಎಚ್ಚರ ತಪ್ಪಾಗುವುದಿಲ್ಲ.

2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅವರ ಆಕ್ಸಿಯಮ್-4 ಯಾನವೂ ಹಲವು ಸಲ ಮುಂದಕ್ಕೆ ಹೋಯಿತು. ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರುತ್ತಿದ್ದುದು ಅದಕ್ಕೊಂದು ಕಾರಣ. ದುರಸ್ತಿಯಾಗಿ ಜೂನ್ 25ರಂದು ಹೊರಟ ಅವರು ಅಂತರರಾಷ್ಟ್ರೀಯ ನಿಲ್ದಾಣ ಹೊಕ್ಕ ಮೊದಲ ಭಾರತೀಯರಾದರು, ಮತ್ತು ಅಲ್ಲಿ ನಡೆಸಿದ ಪ್ರಯೋಗಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ರೂಪಿಸಿದ, ಮೆಂತ್ಯ ಮತ್ತು ಹೆಸರುಕಾಳು ಮೊಳಕೆಯೊಡೆಯಿಸುವ ಪ್ರಯೋಗವೂ ಇತ್ತು.

ಭಾರತೀಯರನ್ನು ನಮ್ಮದೇ ರಾಕೆಟ್ಟಿನಲ್ಲಿ ಕಳಿಸುವ ಇಸ್ರೋದ ಗಗನಯಾನ ಯೋಜನೆ ತಡವಾಗುತ್ತಿದೆ ಎಂಬ ಗೊಣಗಾಟ ಬೆಂಗಳೂರಿನಲ್ಲೂ ಕೇಳುತ್ತದೆ. 2018ರ ಸ್ವಾತಂತ್ರ್ಯ ದಿನದಂದು ಘೋಷಣೆಯಾದಾಗ 2022ರ ಗುರಿಯಿತ್ತು, ನಿಜ. ಆದರೆ ಈ ತಡದ ಒಳಗೆ ಏನಿದೆ ಎಂದು ನೋಡಿ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ ಪಾರುವ್ಯವಸ್ಥೆಯ ಪರೀಕ್ಷಾ ಹಾರಾಟಕ್ಕೆ ಐದು ಸೆಕೆಂಡು ಉಳಿದಿದ್ದಾಗ ನೆಲದ ಕಂಪ್ಯೂಟರ್ ವ್ಯತ್ಯಾಸವೊಂದನ್ನು ಗುರುತಿಸಿ ಎಣಿಕೆಯನ್ನು ತಾನೇ ನಿಲ್ಲಿಸಿತು. ದೇಶ ನೇರಪ್ರಸಾರ ನೋಡುತ್ತಿತ್ತು. ದೋಷ ಪತ್ತೆಹಚ್ಚಿ, ಸರಿಪಡಿಸಿ, ಹತ್ತು ಗಂಟೆಗೆ ಹಾರಿಸಿದರು. ಸುಮಾರು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಯಾತ್ರಿಕೋಶ ರಾಕೆಟ್ಟಿನಿಂದ ಬಿಡಿಸಿಕೊಂಡು, ಪ್ಯಾರಾಶೂಟ್ ತೆರೆದು ಬಂಗಾಳ ಕೊಲ್ಲಿಯಲ್ಲಿ ಇಳಿಯಿತು. ನೌಕಾಪಡೆಯವರು ತಲುಪಿದಾಗ ಅದು ಬುಡಮೇಲಾಗಿ ತೇಲುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಮನುಷ್ಯರಿರುವ ಕೋಶ ನೀರಿನಲ್ಲಿ ಮಗುಚಿದರೆ ಅದನ್ನು ತಾನಾಗಿ ನೆಟ್ಟಗೆ ನಿಲ್ಲಿಸುವ ಏರ್ಪಾಡು ಗಗನಯಾನದ ಬಾಕಿ ಪರೀಕ್ಷೆಗಳ ಪಟ್ಟಿಯಲ್ಲಿತ್ತು, ಅದಕ್ಕೆ ಎಷ್ಟು ತಿಂಗಳು ಬೇಕೋ ಅಷ್ಟನ್ನೂ ಕೊಡುವುದೇ ಸರಿ.