ಗ್ರಾಫಿಕ್ಸ್ ಟ್ಯಾಬ್ಲೆಟ್ ತಗೊಳ್ಳಲಾ? ತಂಗಿ ಕೇಳಿದ ಪ್ರಶ್ನೆ

ನಮಸ್ಕಾರ. ಈ ವಿಡಿಯೋ ಶುರುವಾಗಿದ್ದು ನನ್ನ ತಂಗಿಯ ಒಂದು ಫೋನ್‌ನಿಂದ. ಅವಳು ಡಿಸೈನ್ ಕಲಿಯುತ್ತಿದ್ದಾಳೆ. ಈಚೆಗೆ ಒಂದು ರಾತ್ರಿ ಮಾತಿನ ಮಧ್ಯೆ, “ಅಕ್ಕಾ, ನಾನೂ ಒಂದು ಗ್ರಾಫಿಕ್ಸ್ ಟ್ಯಾಬ್ಲೆಟ್ ತಗೊಳ್ಳಲಾ? ಕ್ಲಾಸಲ್ಲಿ ಸುಮಾರು ಜನರ ಹತ್ರ ಇದೆ” ಅಂತ ಕೇಳಿದಳು. ಗ್ರಾಫಿಕ್ಸ್ ಟ್ಯಾಬ್ಲೆಟ್ ಅಂದರೆ ಕಂಪ್ಯೂಟರಿಗೆ ಜೋಡಿಸುವ ಒಂದು ಹಲಗೆ, ಅದರ ಮೇಲೆ ಅದರದೇ ಪೆನ್ನಾಡಿಸಿದರೆ ಗೆರೆ ಸ್ಕ್ರೀನಿನಲ್ಲಿ ಮೂಡುತ್ತದೆ. ತಗೋ ಅನ್ನುವುದು ಸುಲಭ, ಬೇಡ ಅನ್ನುವುದೂ ಸುಲಭ. ಆರು ವರ್ಷದಿಂದ ದಿನಾ ಈ ಹಲಗೆಯ ಮೇಲೆ ಕೈಯಿಟ್ಟು ಕೆಲಸ ಮಾಡುತ್ತಿದ್ದೇನೆ, ಆದರೂ ಎರಡರಲ್ಲಿ ಒಂದೂ ಬಾಯಿಗೆ ಬರಲಿಲ್ಲ. “ಮೊದಲು ದಿನಪೂರ್ತಿ ಏನೇನು ಮಾಡ್ತೀಯ ಹೇಳು” ಅಂದೆ.

ಅವಳು ಹೇಳಿದ್ದು ಇಷ್ಟು. ಆ್ಯಪ್ ಸ್ಕ್ರೀನುಗಳು, ಐಕಾನು, ಪೋಸ್ಟರು. ಒಂದೊಂದು ಸಲ ಫೋಟೋ ತಿದ್ದುವುದು. ಚಿತ್ರ ಬರೆಯುವುದು ತುಂಬಾ ಇಷ್ಟ, ಆದರೆ ಸಮಯ ಸಿಗದೆ ಬಿಟ್ಟುಹೋಗಿದೆ.

ನೋಡಿ, ಉತ್ತರ ಹುಡುಕಬೇಕಾದ್ದು ಈ ಪಟ್ಟಿಯಲ್ಲೇ. ಯಾವ ಕಂಪನಿ, ಯಾವ ಮಾಡೆಲ್ ಅನ್ನುವುದೆಲ್ಲ ಆಮೇಲಿನ ಮಾತು. ಡಿಸೈನ್ ಅಂತ ಒಂದೇ ಹೆಸರಲ್ಲಿ ಕರೆದರೂ ಕೈ ಮಾಡುವ ಕೆಲಸ ಎರಡು ಥರ ಇರುತ್ತದೆ. ಒಂದು ಇಡುವ ಕೆಲಸ, ಇನ್ನೊಂದು ತೀಡುವ ಕೆಲಸ. ಬಟನ್ ತಂದು ಇಲ್ಲಿ ಇಡು, ಅಕ್ಷರಗಳನ್ನು ಎಡಕ್ಕೆ ಸರಿಸು, ಎರಡು ಕಾರ್ಡಿನ ನಡುವೆ 16 ಪಿಕ್ಸೆಲ್ ಜಾಗ ಬಿಡು. ಇದು ಇಡುವುದು. ಮುಖದ ಮೇಲಿನ ನೆರಳನ್ನು ಮೆತ್ತಗೆ ಮಾಡು, ಕೂದಲಿನ ಅಂಚು ಬಿಡಿಸು, ಎಲೆಯೊಂದನ್ನು ಬರೆದು ಬಣ್ಣ ತುಂಬು. ಇದು ತೀಡುವುದು.

ಇಡುವ ಕೆಲಸಕ್ಕೆ ಮೌಸೇ ಸರಿ. ಆ್ಯಪ್ ಡಿಸೈನ್ ಮಾಡುವ ಸಾಫ್ಟ್‌ವೇರ್ ಫಿಗ್ಮಾದಲ್ಲಿ ಸ್ಕ್ರೀನ್ ಜೋಡಿಸುವಾಗ ನಾನೂ ಪೆನ್ನು ಪಕ್ಕಕ್ಕಿಟ್ಟು ಮೌಸ್ ಹಿಡಿಯುತ್ತೇನೆ. ಕಾರಣ ಸಣ್ಣದು. ಒಂದು ಚೌಕವನ್ನು ಎಳೆದು ಸರಿಯಾದ ಜಾಗಕ್ಕೆ ತಂದು ಪೆನ್ನು ಎತ್ತುತ್ತೀರಿ. ಎತ್ತುವ ಆ ಗಳಿಗೆಯಲ್ಲಿ ತುದಿ ಕೂದಲೆಳೆಯಷ್ಟು ಜಾರುತ್ತದೆ. ಚೌಕ ಒಂದೆರಡು ಪಿಕ್ಸೆಲ್ ಆಚೆ ಹೋಗಿ ಕೂರುತ್ತದೆ. ಮೌಸಾದರೆ ಕೈ ತೆಗೆದರೂ ಬಿಟ್ಟಲ್ಲೇ ಇರುತ್ತದೆ. ಅದೂ ಅಲ್ಲದೆ ಇಂಥ ಕೆಲಸದಲ್ಲಿ ಮತ್ತೆ ಮತ್ತೆ ಕೀಬೋರ್ಡಿಗೆ ಹೋಗಿ ಅಂಕಿ ಟೈಪ್ ಮಾಡಬೇಕು. ಪೆನ್ನನ್ನು ಬೆರಳ ಸಂದಿಗೆ ಸಿಕ್ಕಿಸಿಕೊಂಡು ಟೈಪ್ ಮಾಡುವುದು ಅಭ್ಯಾಸವಾಗುತ್ತದೆ ನಿಜ, ಅದರಿಂದ ಲಾಭವೇನೂ ಇಲ್ಲ. ಇಲ್ಲಸ್ಟ್ರೇಟರ್ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಪೆನ್ ಟೂಲ್ ಇದೆಯಲ್ಲ, ಹೆಸರು ಪೆನ್ ಆದರೂ ಅದಕ್ಕೂ ಮೌಸೇ ಸಾಕು. ಅಲ್ಲಿ ನಾವು ಕೈಯಾರೆ ಗೆರೆ ಎಳೆಯುವುದಿಲ್ಲ, ಬಿಂದು ಇಡುತ್ತಾ ಹೋಗುತ್ತೇವೆ.

ತೀಡುವ ಕೆಲಸದ ಕಥೆ ಬೇರೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಾನು ಟ್ಯಾಬ್ಲೆಟ್ ತಗೊಂಡಿದ್ದೇ ಒಂದು ಫೋಟೋದಿಂದಾಗಿ. ಗುಂಗುರು ಕೂದಲಿನ ಹುಡುಗಿಯೊಬ್ಬಳ ಫೋಟೋ. ಹಿಂದಿನ ಗೋಡೆ ತೆಗೆದು ಬೇರೆ ಬಣ್ಣ ಕೊಡಬೇಕಿತ್ತು. ಸಾಫ್ಟ್‌ವೇರ್ ತಾನಾಗಿ ಹಿಡಿದುಕೊಟ್ಟ ಅಂಚು ಮುಕ್ಕಾಲು ಪಾಲು ಸರಿಯಾಗಿಯೇ ಇತ್ತು. ಕಿವಿಯ ಹತ್ತಿರ ಹಾರುತ್ತಿದ್ದ ಎಳೆಗಳು ಮಾತ್ರ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿದ್ದವು. ಅಲ್ಲಿ ಕೈಯಲ್ಲೇ ಮಾಸ್ಕ್ ಮಾಡಬೇಕು, ಅಂದರೆ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಅಂತ ಬ್ರಷ್‌ನಲ್ಲಿ ಬಳಿದು ಹೇಳಬೇಕು. ಮೌಸ್ ಹಿಡಿದು ಕೂತೆ. ಮೌಸಿನ ಗುಂಡಿಗೆ ಗೊತ್ತಿರುವುದು ಎರಡೇ, ಒತ್ತಿದ್ದು ಮತ್ತು ಬಿಟ್ಟಿದ್ದು. ಕೂದಲಿನ ಎಳೆ ಬುಡದಲ್ಲಿ ದಪ್ಪ, ತುದಿಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಬ್ರಷ್ ಸಣ್ಣದು ಮಾಡು, ಎಳೆ. ಇನ್ನೂ ಸಣ್ಣದು ಮಾಡು, ಬಣ್ಣದ ಗಾಢತೆ (ಅಪಾಸಿಟಿ) ಇಳಿಸು, ಮತ್ತೆ ಎಳೆ. ಒಂದು ಎಳೆಗೆ ನಾಲ್ಕು ಸಲ. ಅಂಥವು ಎಷ್ಟೋ. ರಾತ್ರಿ ಹನ್ನೊಂದಾದರೂ ಮುಗಿಯಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಕೂದಲೆಲ್ಲ ತಂತಿಯ ಹಾಗೆ ನಿಂತಿತ್ತು.

ಅದೇ ಫೈಲನ್ನು ಗೆಳತಿಯೊಬ್ಬಳ ಟ್ಯಾಬ್ಲೆಟಿನಲ್ಲಿ ತೆರೆದೆವು. ಅವಳು ಪೆನ್ನನ್ನು ಬುಡದಲ್ಲಿ ಒತ್ತಿ, ಹೊರಗೆಳೆಯುತ್ತಾ ಕೈ ಹಗುರ ಮಾಡಿ, ಕೊನೆಗೆ ಎತ್ತಿಬಿಟ್ಟಳು. ಒಂದೇ ಬೀಸು. ಎಳೆ ತಾನಾಗಿ ಸಣ್ಣಗಾಗುತ್ತಾ ಹೋಗಿ ಗಾಳಿಯಲ್ಲಿ ಕರಗಿತು. ಇನ್ನೊಂದು ಬೀಸು, ಇನ್ನೊಂದು ಎಳೆ. ನಾನು ಪಕ್ಕದಲ್ಲಿ ನಿಂತು ಸುಮ್ನೆ ನೋಡುತ್ತಿದ್ದೆ. ವೇಗಕ್ಕಿಂತ ಜಾಸ್ತಿ ನನ್ನನ್ನು ಹಿಡಿದಿದ್ದು ಅವಳ ಮುಖ. ಅವಳು ಬ್ರಷ್ ಬಗ್ಗೆ ಯೋಚಿಸುತ್ತಲೇ ಇರಲಿಲ್ಲ, ಕೂದಲು ನೋಡುತ್ತಿದ್ದಳು.

ಅಕ್ಷರ ಬರೆಯುವವರಿಗಂತೂ ಈ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಮೌಸ್ ಹಿಡಿದು ‘ಅ’ ಬರೆದು ನೋಡಿ. ನಮ್ಮ ಲಿಪಿಯೆಲ್ಲ ಸುತ್ತು, ಕೊಂಬು, ಒತ್ತು. ಮೌಸಿನಲ್ಲಿ ಆ ಸುತ್ತು ಮೂಲೆಮೂಲೆಯಾಗಿ ಒಡೆಯುತ್ತದೆ. ಪೆನ್ನಿನಲ್ಲಿ ತಲೆಕಟ್ಟಿನ ಕೊನೆಗೆ ಬಂದಾಗ ಕೈ ಹಗುರಾಗುತ್ತದೆ, ಗೆರೆಯೂ ಹಗುರಾಗುತ್ತದೆ. ಚಿಕ್ಕಂದಿನಲ್ಲಿ ಅಕ್ಷರ ತಿದ್ದಿದ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹಾಗಂತ ಪೆನ್ನು ಬಂದ ದಿನವೇ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಮೊದಲ ವಾರ ನನಗೆ ಅಳು ಬರುವ ಹಾಗಾಗಿತ್ತು. ಕೈ ಮೇಜಿನ ಮೇಲೆ, ಕಣ್ಣು ಸ್ಕ್ರೀನಿನ ಮೇಲೆ, ಎರಡಕ್ಕೂ ಹೊಂದಾಣಿಕೆಯೇ ಇಲ್ಲ. ಮೌಸನ್ನು ಎತ್ತಿ ಪಕ್ಕಕ್ಕಿಟ್ಟರೆ ಕರ್ಸರ್ ಕದಲುವುದಿಲ್ಲ. ಇಲ್ಲಿ ಹಲಗೆಯ ಎಡಮೇಲಿನ ಮೂಲೆ ಅಂದರೆ ಯಾವಾಗಲೂ ಸ್ಕ್ರೀನಿನ ಎಡಮೇಲಿನ ಮೂಲೆ. ಪೆನ್ನು ಎಲ್ಲಿಟ್ಟರೆ ಕರ್ಸರ್ ಅಲ್ಲಿಗೇ ನೆಗೆಯುತ್ತದೆ. ಮೌಸಿಗೆ ಒಗ್ಗಿದ ಕೈ ಇದನ್ನು ಒಪ್ಪುವುದಕ್ಕೆ ದಿನ ಬೇಕು. ನಾನು ಮೌಸನ್ನು ಡ್ರಾಯರಿಗೆ ಹಾಕಿ, ಫೋಲ್ಡರ್ ತೆರೆಯುವುದಕ್ಕೂ ಪೆನ್ನನ್ನೇ ಬಳಸಿದೆ. ಹತ್ತು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಲೇಯರ್‌ಗಳ, ಅಂದರೆ ಚಿತ್ರದ ಪದರಗಳ, ಪಟ್ಟಿಗೆ ಕೈ ತಾನಾಗಿ ಹೋಯಿತು. ಯೋಚನೆ ಮಾಡಲೇ ಇಲ್ಲ. ಆ ದಿನದ ಮೊದಲೇ ಟ್ಯಾಬ್ಲೆಟನ್ನು ವಾಪಸ್ ಕೊಟ್ಟವರನ್ನು ನಾನು ನೋಡಿದ್ದೇನೆ, ಬೇಜಾರಾಗುತ್ತದೆ. ಇನ್ನೊಂದು ವಾರ ಇಟ್ಟುಕೊಂಡಿದ್ದರೆ ಸಾಕಿತ್ತು.

ಈ ಪೆನ್ನು ನೋಡಿ. ಇದರಲ್ಲಿ ಬ್ಯಾಟರಿ ಇಲ್ಲ, ಚಾರ್ಜ್ ಮಾಡುವುದೂ ಬೇಕಿಲ್ಲ. ಹಲಗೆಯ ಒಳಗೆ ತಂತಿಗಳ ಬಲೆಯಿದೆ. ಅದು ಸಿಗ್ನಲ್ ಕಳಿಸುತ್ತದೆ, ಪೆನ್ನಿನೊಳಗಿನ ಸುರುಳಿ ಅದಕ್ಕೆ ಮಿಡಿದು ಮರುಉತ್ತರ ಕೊಡುತ್ತದೆ. ಅದಕ್ಕೇ ತುದಿ ತಾಗುವ ಮುಂಚೆ, ಸುಮಾರು ಒಂದು ಸೆಂಟಿಮೀಟರ್ ಮೇಲಿದ್ದಾಗಲೇ ಕರ್ಸರ್ ಓಡಾಡುತ್ತದೆ. ಹಲಗೆ ಮೇಲೆ ಪೆನ್ನಾಡಿಸಿ ಕಂಪ್ಯೂಟರಿಗೆ ಬರೆಯುವುದು ಹೊಸದೇನಲ್ಲ. 1964ರಲ್ಲೇ ಅಮೆರಿಕದಲ್ಲಿ ರ‍್ಯಾಂಡ್ ಟ್ಯಾಬ್ಲೆಟ್ ಬಂದಿತ್ತು. ಅದು ಇಂಚಿಗೆ 100 ಗೆರೆ ಗುರುತಿಸುತ್ತಿತ್ತು, ಅಂದರೆ ಒಂದಿಂಚಿನೊಳಗೆ ಪೆನ್ನು ಎಲ್ಲಿದೆ ಅನ್ನುವುದನ್ನು 100 ಬೇರೆಬೇರೆ ಜಾಗವಾಗಿ ತಿಳಿಯುತ್ತಿತ್ತು. ಇವತ್ತಿನ ಬಹಳಷ್ಟು ಟ್ಯಾಬ್ಲೆಟುಗಳು ಇಂಚಿಗೆ 5080 ಗುರುತಿಸುತ್ತವೆ.

ಡಬ್ಬದ ಮೇಲಿನ ದೊಡ್ಡ ಅಂಕಿಗಳಿಗೆ ಮರುಳಾಗಬೇಡಿ ಅಂತ ತಂಗಿಗೆ ಹೇಳಿದ್ದು ಇದಕ್ಕೇ. 5080 ಅಂದರೆ ಮಿಲಿಮೀಟರಿಗೆ 200 ಗೆರೆ. ಆರು ಇಂಚು ಅಗಲದ ಹಲಗೆಯಲ್ಲಿ 30 ಸಾವಿರಕ್ಕೂ ಜಾಸ್ತಿ ಆಯಿತು. 4ಕೆ ಸ್ಕ್ರೀನಿನ ಅಗಲವೇ 3840 ಪಿಕ್ಸೆಲ್. 5080ರ ಅರ್ಧ ಇದ್ದರೂ ನಮ್ಮ ಕಣ್ಣಿಗೆ ಕೊರತೆ ಕಾಣುವುದಿಲ್ಲ. ಒತ್ತಡದ ಹಂತಗಳೂ, ಅಂದರೆ ಪೆನ್ನು ಒತ್ತುವ ಬಲವನ್ನು ಎಷ್ಟು ಮೆಟ್ಟಿಲಾಗಿ ಗುರುತಿಸುತ್ತದೆ ಅನ್ನುವುದೂ, ಹಾಗೆಯೇ. 2009ರಲ್ಲಿ ಬಂದ ವೇಕಾಮ್ ಕಂಪನಿಯ ಇಂಟುವೋಸ್ 4 ಟ್ಯಾಬ್ಲೆಟಿನಲ್ಲಿ 2048 ಹಂತ ಇತ್ತು. ಈಗ 8192 ಸಾಮಾನ್ಯ, ಹುಯಾನ್, ಎಕ್ಸ್‌ಪಿ-ಪೆನ್ ಕಂಪನಿಗಳ ಕೆಲವು ಪೆನ್ನುಗಳಲ್ಲಿ 16384. ನನ್ನ ಕೈಗೆ 2048 ಯಾವತ್ತೂ ಕಡಿಮೆ ಅನಿಸಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಎಷ್ಟು ಹಗುರಾಗಿ ತಾಗಿಸಿದರೆ ಪೆನ್ನು ಗೆರೆ ಶುರು ಮಾಡುತ್ತದೆ ಅನ್ನುವುದು. ಕೆಲವು ಪೆನ್ನು ಮುಟ್ಟಿದರೆ ಸಾಕು. ಕೆಲವನ್ನು ಅದುಮಬೇಕು. ಇದು ಕೈಯಲ್ಲಿ ಹಿಡಿದು ಬರೆದಾಗ ಮಾತ್ರ ಗೊತ್ತಾಗುತ್ತದೆ.

ನಾನು ನಿಜವಾಗಿ ತಲೆಕೆಡಿಸಿಕೊಳ್ಳುವ ಅಂಕಿ ಅಳತೆಯದು. 24 ಇಂಚಿನ ಮಾನಿಟರ್ ಸುಮಾರು 53 ಸೆಂಟಿಮೀಟರ್ ಅಗಲ ಇರುತ್ತದೆ. ಸಣ್ಣ ಟ್ಯಾಬ್ಲೆಟಿನ ಬರೆಯುವ ಜಾಗ ಸುಮಾರು 15 ಸೆಂಟಿಮೀಟರ್. ಅಂದರೆ ನಿಮ್ಮ ಕೈ ಒಂದು ಸೆಂಟಿಮೀಟರ್ ಸರಿದರೆ ಗೆರೆ ಮೂರೂವರೆ ಸೆಂಟಿಮೀಟರ್ ಓಡುತ್ತದೆ. ಕೈಯ ಸಣ್ಣ ನಡುಕವೂ ಮೂರೂವರೆ ಪಟ್ಟಾಗುತ್ತದೆ. 25 ಸೆಂಟಿಮೀಟರಿನ ಮಧ್ಯಮ ಅಳತೆಯಲ್ಲಾದರೆ ಅದು ಎರಡು ಪಟ್ಟು ಚಿಲ್ಲರೆ ಅಷ್ಟೇ. ಫೋಟೋ ತಿದ್ದುವುದಕ್ಕೆ, ಲ್ಯಾಪ್‌ಟಾಪ್ ಸ್ಕ್ರೀನಿಗೆ ಸಣ್ಣದು ಸಾಲುತ್ತದೆ. ಉದ್ದ ಗೆರೆ ಎಳೆದು ಚಿತ್ರ ಬರೆಯುವವರಿಗೆ ಮಧ್ಯಮವೇ ಬೇಕು, ಮೊಣಕೈಯಿಂದ ಬೀಸಲು ಜಾಗ ಸಿಗುತ್ತದೆ. ತೀರಾ ದೊಡ್ಡದಾದರೆ ಕೀಬೋರ್ಡಿಗೆ ಮೇಜಿನ ಮೇಲೆ ಜಾಗ ಇರುವುದಿಲ್ಲ.

ತಂದ ದಿನ ಒಂದು ಪರೀಕ್ಷೆ ಮಾಡಿ. ಯಾವುದಾದರೂ ಗುಂಡನೆಯ ಮುಚ್ಚಳ ಹಲಗೆ ಮೇಲಿಟ್ಟು ಅದರ ಸುತ್ತ ಪೆನ್ನಾಡಿಸಿ. ಸ್ಕ್ರೀನಿನಲ್ಲಿ ಮೊಟ್ಟೆಯಾಕಾರ ಬಂತಾ? ಹಾಗಿದ್ದರೆ ಹಲಗೆಯ ಅಗಲ ಎತ್ತರದ ಲೆಕ್ಕ ಸ್ಕ್ರೀನಿಗೆ ಹೊಂದುತ್ತಿಲ್ಲ. ಟ್ಯಾಬ್ಲೆಟನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಅದರ ಸೆಟ್ಟಿಂಗಿನಲ್ಲಿ ಅನುಪಾತ ಸರಿಮಾಡುವ ಗುರುತು ಇರುತ್ತದೆ, ಹಾಕಿ. ಇದು ಗೊತ್ತಿಲ್ಲದೆ ನಾನು ಎರಡು ತಿಂಗಳು ಎಲ್ಲ ಮುಖಗಳನ್ನೂ ಅಗಲವಾಗಿ ಬರೆದಿದ್ದೇನೆ. ಎರಡು ಮಾನಿಟರ್ ಇದ್ದರೆ ಪೆನ್ನನ್ನು ಒಂದಕ್ಕೆ ಮಾತ್ರ ಕಟ್ಟಿಹಾಕಿ. ವಿಂಡೋಸ್‌ನಲ್ಲಿ ಫೋಟೋಶಾಪ್ ಒತ್ತಡ ಹಿಡಿಯುತ್ತಿಲ್ಲ ಅಂದರೆ ಮೊದಲು ವಿಂಡೋಸ್‌ನ ಪೆನ್ ಸೌಲಭ್ಯ ವಿಂಡೋಸ್ ಇಂಕ್ ಆನ್ ಇದೆಯಾ ನೋಡಿ. ಮ್ಯಾಕ್‌ನಲ್ಲಿ ಡ್ರೈವರಿಗೆ ಅನುಮತಿ ಕೊಡಬೇಕಾಗುತ್ತದೆ. ಹಳೆಯ ಟ್ಯಾಬ್ಲೆಟಿನ ಡ್ರೈವರ್ ಇದ್ದರೆ ಪೂರ್ತಿ ತೆಗೆದು ಆಮೇಲೆ ಹೊಸದು ಹಾಕಿ, ಎರಡೂ ಒಟ್ಟಿಗಿದ್ದರೆ ಜಗಳಕ್ಕೆ ಬೀಳುತ್ತವೆ.

ಸ್ಕ್ರೀನ್ ಇರುವ ಟ್ಯಾಬ್ಲೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬರೆದ ಜಾಗದಲ್ಲೇ ಗೆರೆ ಕಾಣುತ್ತದೆ, ಕಲಿಯುವ ಕಷ್ಟ ಕಡಿಮೆ. ಆದರೆ ಕತ್ತು ಬಗ್ಗಿಸಿ ಕೂರಬೇಕು, ಕೈ ಚಿತ್ರವನ್ನು ಮುಚ್ಚುತ್ತದೆ, ಮೇಜಿನ ತುಂಬಾ ವೈರು. ಐಪ್ಯಾಡ್ ಮತ್ತು ಅದರ ಡಿಜಿಟಲ್ ಪೆನ್ಸಿಲ್ ಮೊದಲೇ ಮನೆಯಲ್ಲಿದ್ದರೆ ಅದರಲ್ಲೇ ತಿಂಗಳು ಬರೆದು ನೋಡಿ. ಮೊದಲ ಸಲಕ್ಕೆ ಸ್ಕ್ರೀನ್ ಇಲ್ಲದ ಸಾದಾ ಹಲಗೆಯೇ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೆನ್ನು ನೇರವಾಗಿರುತ್ತದೆ, ಕಣ್ಣು ಎದುರಿಗಿರುತ್ತದೆ.

ಮಣಿಕಟ್ಟಿನ ಮಾತೂ ಇದೆ. ಮೌಸ್ ಹಿಡಿದಾಗ ಅಂಗೈ ಕೆಳಮುಖವಾಗಿ ಮುಂಗೈ ತಿರುಚಿಕೊಂಡಿರುತ್ತದೆ. ಪೆನ್ನು ಹಿಡಿದಾಗ ಅಷ್ಟು ತಿರುಚುವುದಿಲ್ಲ. ನನಗೆ ಸಂಜೆ ಹೊತ್ತಿಗೆ ಬರುತ್ತಿದ್ದ ನೋವು ಕಡಿಮೆಯಾಯಿತು. ಆದರೆ ಪೆನ್ನನ್ನು ಬಿಗಿಯಾಗಿ ಹಿಡಿಯುವವರಿಗೆ ಹೆಬ್ಬೆರಳಿನ ಬುಡ ನೋಯುತ್ತದೆ. ಒಂದು ನೋವು ಬಿಟ್ಟು ಇನ್ನೊಂದು ಹಿಡಿದುಕೊಂಡ ಹಾಗಾಗಬಾರದು.

ಹಾಗಾದರೆ ತಂಗಿಗೆ ಏನು ಹೇಳಿದೆ? ಒಂದು ವಾರ ಚೀಟಿ ಇಟ್ಟುಕೊಂಡು ಬರಿ ಅಂದೆ. ಇಡುವ ಕೆಲಸ ಎಷ್ಟು ಗಂಟೆ, ತೀಡುವ ಕೆಲಸ ಎಷ್ಟು ಗಂಟೆ. ನಿನ್ನೆ ಚೀಟಿಯ ಫೋಟೋ ಕಳಿಸಿದಳು. ತೀಡುವುದು ವಾರಕ್ಕೆ ಎರಡು ಗಂಟೆ. ಅದರ ಕೆಳಗೆ ಚಿಕ್ಕದಾಗಿ ಬರೆದಿದ್ದಳು, “ಬೇಕು ಅಂತಲೇ ಮುಂದಕ್ಕೆ ಹಾಕಿದ ಕೆಲಸ ಸೇರಿಸಿಲ್ಲ ಅಕ್ಕಾ.” ಆ ಸಾಲನ್ನು ನಾನು ಎರಡು ಸಲ ಓದಿದೆ. ಎರಡು ಗಂಟೆಗೆ ಟ್ಯಾಬ್ಲೆಟ್ ಬೇಡ. ಮೌಸಿನಲ್ಲಿ ಆಗುವುದಿಲ್ಲ ಅಂತ ಚಿತ್ರವನ್ನೇ ಕೈಬಿಟ್ಟಿದ್ದರೆ ಮಾತ್ರ ಲೆಕ್ಕ ಬೇರೆ. ಯಾವುದು ನಿಜ ಅಂತ ಅವಳಿಗೂ ಇನ್ನೂ ಗೊತ್ತಿಲ್ಲ.

ಅದಕ್ಕೇ ಈಗಲೇ ಕೊಳ್ಳಬೇಡ ಅಂದೆ. ನಾಳೆ ನನ್ನದನ್ನೇ ಅವಳಿಗೆ ಕೊಟ್ಟು ಬರುತ್ತೇನೆ, ಇಪ್ಪತ್ತು ದಿನಕ್ಕೆ. ಬ್ರಷ್ ಕೆಲಸಕ್ಕೆ ಕ್ರಿತಾ ಅನ್ನುವ ಸಾಫ್ಟ್‌ವೇರ್ ಹಾಕಿಕೋ, ಪುಕ್ಕಟೆ ಸಿಗುತ್ತದೆ, ಒತ್ತಡವನ್ನೂ ಚೆನ್ನಾಗಿ ಹಿಡಿಯುತ್ತದೆ ಅಂತಲೂ ಹೇಳಿದ್ದೇನೆ. ಅಷ್ಟು ದಿನ ನಾನು ಮೌಸಿನಲ್ಲಿ ಮುಗಿಯುವ ಕೆಲಸ ಹಿಡಿದಿದ್ದೇನೆ.

ಈಗ ಹಳೆಯ ನಿಬ್ ತೆಗೆಯುತ್ತಿದ್ದೇನೆ. ಹತ್ತಿರದಿಂದ ನೋಡಿ, ಗುಂಡಗಿದ್ದ ತುದಿ ಉಳಿಯ ಬಾಯಿಯ ಹಾಗೆ ಒಂದು ಕಡೆ ಸವೆದಿದೆ. ಇನ್ನು ಬಿಟ್ಟರೆ ಹಲಗೆ ಗೀಚುತ್ತದೆ. ಹೊಸ ನಿಬ್ ಒಳಗೆ ಹೋಯಿತು. ಒತ್ತಡದ ಸೆಟ್ಟಿಂಗನ್ನೂ ಮೊದಲಿನ ಹಾಗೆ ಮಾಡುತ್ತಿದ್ದೇನೆ, ಅದು ನನ್ನ ಹಗುರ ಕೈಗೆ ಹೊಂದಿಸಿದ್ದು. ಅವಳು ಶಾಲೆಗೆ ಹೋಗುವಾಗ ದಿನಾ ಪೆನ್ಸಿಲ್ ಮೊನೆ ಮುರಿದುಕೊಂಡು ಬರುತ್ತಿದ್ದಳು. ಚೀಲದಲ್ಲಿ ನಾಲ್ಕು ನಿಬ್ ಜಾಸ್ತಿಯೇ ಇಟ್ಟಿದ್ದೇನೆ.