ಮಂತ್ರದ ಬೆಲೆ ತೆರುವವರು ಯಾರು?

ಫ್ಯಾಂಟಸಿ ಲೋಕವೊಂದನ್ನು ಕಟ್ಟಲು ಹೊರಟವರ ಟಿಪ್ಪಣಿ ಪುಸ್ತಕದಲ್ಲಿ ಸಾಮಾನ್ಯವಾಗಿ ಮೂರು ಬೇರೆ ಬೇರೆ ಅಧ್ಯಾಯಗಳಿರುತ್ತವೆ: ಮಾಂತ್ರಿಕ ಶಕ್ತಿಗಳದ್ದೊಂದು, ದೇವತೆಗಳದ್ದೊಂದು, ಜನಾಂಗಗಳದ್ದೊಂದು. ನಾನೂ ವರ್ಷಗಟ್ಟಲೆ ಹಾಗೆಯೇ ಬರೆದೆ. ಹನ್ನೆರಡು ದೇವರುಗಳ ವಂಶಾವಳಿ ಸಿದ್ಧವಾಗಿತ್ತು. ಆದರೆ ಆ ಲೋಕದ ಒಬ್ಬ ಸಾಮಾನ್ಯ ಹೆಂಗಸು ಬೆಳಗ್ಗೆ ಎದ್ದು ಅವರಲ್ಲಿ ಯಾರಿಗೆ ಕೈಮುಗಿಯುತ್ತಾಳೆ, ಏಕೆ ಮುಗಿಯುತ್ತಾಳೆ ಎಂದು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಮೂರೂ ಒಂದೇ ಪ್ರಶ್ನೆಯಿಂದ ಹುಟ್ಟಬೇಕು ಎಂಬುದು ನನ್ನ ವಾದ. ಮಂತ್ರವೊಂದು ಫಲಿಸಿದಾಗ ಅದರ ಬೆಲೆ ತೆರುವವರು ಯಾರು?

ವಿಡಿಯೋ ಗೇಮ್ ಆಡುವವರಿಗೆ ‘ಮಾನಾ’ ಎಂದರೆ ಮಂತ್ರಶಕ್ತಿ ಎಷ್ಟು ಉಳಿದಿದೆಯೆಂದು ತೋರಿಸುವ, ಪರದೆಯ ಮೂಲೆಯ ನೀಲಿ ಪಟ್ಟಿ. ಮಂತ್ರ ಹಾಕಿದರೆ ಇಳಿಯುತ್ತದೆ, ತುಸು ಕಾದರೆ ತಾನಾಗಿ ತುಂಬುತ್ತದೆ. ಆ ಪದ ಬಂದಿರುವುದು ಪೆಸಿಫಿಕ್ ದ್ವೀಪಗಳ ಭಾಷೆಗಳಿಂದ. ಮೆಲನೇಷ್ಯಾದ ದ್ವೀಪವಾಸಿಗಳ ನಡುವೆ ಕೆಲಸ ಮಾಡಿದ ಇಂಗ್ಲಿಷ್ ಪಾದ್ರಿ ರಾಬರ್ಟ್ ಕಾಡ್ರಿಂಗ್ಟನ್ 1891ರಲ್ಲಿ ಅದನ್ನು ವಿವರಿಸುವಾಗ ಕಲ್ಲೊಂದರ ಉದಾಹರಣೆ ಕೊಟ್ಟಿದ್ದಾನೆ. ವಿಚಿತ್ರ ಆಕಾರದ ಕಲ್ಲು ಸಿಕ್ಕವನು ಅದನ್ನು ತನ್ನ ತೋಟದ ಮಣ್ಣಿನಲ್ಲಿ ಹುಗಿದು ನೋಡುತ್ತಾನೆ. ಬೆಳೆ ಹುಲುಸಾಗಿ ಬಂದರೆ ಕಲ್ಲಿನಲ್ಲಿ ಮಾನಾ ಇದೆಯೆಂದೂ ಅದು ಯಾವುದೋ ಆತ್ಮದಿಂದ ಬಂದದ್ದೆಂದೂ ತಿಳಿಯುತ್ತಾನೆ. ಹೊಟ್ಟೆಪಾಡು, ದೈವ, ಶಕ್ತಿ ಮೂರೂ ಆ ಒಂದು ಪದದಲ್ಲಿ ಹೆಣೆದುಕೊಂಡಿವೆ. ನೀಲಿ ಪಟ್ಟಿಗೆ ಇಳಿದ ಮೇಲೆ ಆ ಹೆಣಿಗೆ ಪೂರ್ತಿ ಬಿಚ್ಚಿಹೋಯಿತು. ಅದು ನಿಜಕ್ಕೂ ದೊಡ್ಡ ನಷ್ಟ.

ನಾನು ಈಗ ಕಟ್ಟುತ್ತಿರುವ ಲೋಕದಲ್ಲಿ ಮಂತ್ರಕ್ಕೆ ಬೇಕಾಗುವುದು ಶಾಖ. ಮಂತ್ರವಾದಿ ಹತ್ತಿರದ ವಸ್ತುವಿನಿಂದ ಶಾಖವನ್ನು ಸೆಳೆದು ಅದನ್ನು ಚಲನೆಯಾಗಿ ಬದಲಿಸುತ್ತಾನೆ. ನಮ್ಮ ಭೌತಶಾಸ್ತ್ರದಲ್ಲಿ ಒಂದೇ ಉಷ್ಣತೆಯಲ್ಲಿರುವ ವಸ್ತುವಿನ ಶಾಖವನ್ನು ಹೀಗೆ ನೇರವಾಗಿ ದುಡಿಸಿಕೊಳ್ಳಲಾಗದು. ನಾನು ಮುರಿದಿರುವುದು ಅದೊಂದೇ ನಿಯಮ, ಉಳಿದವೆಲ್ಲ ಇದ್ದಂತೆಯೇ ಇವೆ. ಲೆಕ್ಕ ಹಾಕಿದಾಗ ನಾನೇ ಬೆಚ್ಚಿದೆ. ಒಂದು ಲೀಟರ್ ನೀರು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾದರೆ ಸುಮಾರು 4,186 ಜೂಲ್ ಶಕ್ತಿ ಹೊರಬರುತ್ತದೆ. 100 ಕಿಲೋಗ್ರಾಂ ತೂಕದ ಬಂಡೆಯನ್ನು ಒಂದು ಮೀಟರ್ ಎತ್ತಲು ಬೇಕಾಗುವುದು ಸುಮಾರು 980 ಜೂಲ್ ಮಾತ್ರ. ಅಂದರೆ ಒಂದು ಸಣ್ಣ ಪಾತ್ರೆಯ ನೀರು, ಕೈಯಿಟ್ಟರೆ ವ್ಯತ್ಯಾಸವೇ ತಿಳಿಯದಷ್ಟು ತಣ್ಣಗಾಗಿ, ಆ ಬಂಡೆಯನ್ನು ನಾಲ್ಕು ಮೀಟರಿಗೂ ಮೇಲೆ ಎತ್ತಬಲ್ಲದು. ಇಷ್ಟು ಅಗ್ಗವಾದ ಶಕ್ತಿ ಕಥೆಯನ್ನು ಕೊಲ್ಲುತ್ತದೆ. ಆದ್ದರಿಂದ ಇನ್ನೊಂದು ಕಟ್ಟುಪಾಡು ಹಾಕಿದೆ: ಶಾಖವನ್ನು ಸೆಳೆಯಲಾಗುವುದು ಜೀವವಿರುವ ದೇಹದಿಂದ ಮಾತ್ರ.

ಆ ಒಂದು ಸಾಲು ಬರೆದ ಕೂಡಲೇ ಸಮಾಜವೊಂದು ತಾನಾಗಿಯೇ ಕಣ್ಣಮುಂದೆ ನಿಂತಿತು. ಮನುಷ್ಯನ ದೇಹದೊಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಜೀವಕ್ಕೆ ಅಪಾಯ. ಆ ಎರಡು ಡಿಗ್ರಿಯೇ ಈ ಲೋಕದ ಸಂಪತ್ತು. ಮುದಿ ಮಂತ್ರವಾದಿಯ ಬೆರಳ ತುದಿಗಳು ಕಪ್ಪಗೆ ಮರಗಟ್ಟಿರುತ್ತವೆ. ಅವನು ಕೈಚಾಚಿದರೆ ಸೊಸೆ ಮಗುವನ್ನು ಕೊಡದೆ, ತಲೆ ತಗ್ಗಿಸಿ ಒಳಗೆ ಹೋಗುತ್ತಾಳೆ. ಶ್ರೀಮಂತ ಮಂತ್ರವಾದಿಯ ಬೆರಳುಗಳು ಮಾತ್ರ ಕೊನೆಯವರೆಗೂ ಬೆಚ್ಚಗಿರುತ್ತವೆ, ಏಕೆಂದರೆ ಅವನ ಸುತ್ತ ಕೂಲಿಗಾಗಿ ನಿಂತ ಹತ್ತು ಜನ ನಡುಗುತ್ತಿರುತ್ತಾರೆ.

ದೇವರು ಹುಟ್ಟುವುದು ಇಲ್ಲಿಂದಲೇ. ನಡುಗುವವರಿಗೆ ದೇವರೆಂದರೆ ಬೂದಿಯ ಕೆಳಗೆ ಮುಚ್ಚಿಟ್ಟ ಕೆಂಡ, ಯಾರ ಕೈಗೂ ಸಿಗದ ಶಾಖ. ಸೆಳೆಯುವವರೂ ಅದೇ ದೇವರನ್ನು ಪೂಜಿಸುತ್ತಾರೆ, ಆದರೆ ಅವರ ಪುರಾಣದಲ್ಲಿ ಅವನು ತನ್ನ ಮೈಯ ಶಾಖವನ್ನೆಲ್ಲ ನಗುನಗುತ್ತಾ ಧಾರೆಯೆರೆದ ದಾನಿ. ದೇವರ ಹೆಸರು, ಆಯುಧ, ವಾಹನ ಇವುಗಳನ್ನು ಆಮೇಲೆ ಬೇಕಾದರೆ ಸೇರಿಸಿಕೊಳ್ಳಬಹುದು. ಅವನ ಕಥೆ ಯಾರಿಗೆ ಅನುಕೂಲವಾಗುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು. ರೋಮನ್ನರು ಕ್ರಿ.ಪೂ. 396ರಲ್ಲಿ ವೇಯಿ ನಗರವನ್ನು ಗೆದ್ದ ಕಥೆಯನ್ನು ನಾನು ಮತ್ತೆ ಮತ್ತೆ ಓದುವುದು ಈ ಕಾರಣಕ್ಕೇ. ಅವರು ಶತ್ರುನಗರದ ಜೂನೋ ದೇವಿಯನ್ನು ಕೆಡಹಲಿಲ್ಲ. ರೋಮ್‌ಗೆ ಬರುವೆಯಾ ಎಂದು ವಿಗ್ರಹವನ್ನೇ ಕೇಳಿದರು, ಅದು ತಲೆಯಾಡಿಸಿತೆಂದು ಹೇಳಿಕೊಂಡರು, ಕರೆದೊಯ್ದು ಗುಡಿ ಕಟ್ಟಿಸಿದರು. ಸೋತ ಊರಿನವರು ಆ ರಾತ್ರಿ ತಮ್ಮ ಮಕ್ಕಳಿಗೆ ಏನೆಂದು ವಿವರಿಸಿರಬೇಕು? ದೇವತೆಗಳ ಪಟ್ಟಿ ಮಾಡುವ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ.

ಇನ್ನು ಜನಾಂಗಗಳು. ಒಂದು ಜನಾಂಗದವರೆಲ್ಲ ಯೋಧರು, ಇನ್ನೊಂದರವರೆಲ್ಲ ಲೋಭಿ ವ್ಯಾಪಾರಿಗಳು ಎಂದು ಬರೆಯುವುದನ್ನು ನಾವು ಇನ್ನಾದರೂ ನಿಲ್ಲಿಸಬೇಕು. ಅದು ಸೋಮಾರಿತನ ಮಾತ್ರವಲ್ಲ, ನಿಜವಾದ ಜನರ ಬಗ್ಗೆಯೂ ಹಾಗೆಯೇ ಯೋಚಿಸುವ ಚಾಳಿಯನ್ನು ಅದು ಬೆಳೆಸುತ್ತದೆ. ಒಂದು ಜನ ಜೀವಂತವಾಗಿ ಕಾಣುವುದು ಅವರು ತಮ್ಮತಮ್ಮಲ್ಲೇ ಯಾವ ವಿಷಯಕ್ಕೆ ಜಗಳವಾಡುತ್ತಾರೆ ಎಂಬುದರಲ್ಲಿ. ನನ್ನ ಲೋಕದಲ್ಲಿ ಆ ಜಗಳ ಸಾವಿನ ಮನೆಯದು. ಉಸಿರು ನಿಂತ ಮೇಲೂ ದೇಹ ಕೆಲವು ಗಂಟೆ ಬೆಚ್ಚಗಿರುತ್ತದೆ, ಮತ್ತು ಆ ಶಾಖ ಇನ್ನೂ ಜೀವವೇ ಹೌದೋ ಅಲ್ಲವೋ ಎಂಬುದು ಅಲ್ಲಿ ಯಾರಿಗೂ ಇತ್ಯರ್ಥವಾಗಿಲ್ಲ. ಅಪ್ಪನ ಕೊನೆಯ ಬಿಸಿಯಿಂದ ಕುಸಿದ ಬಾವಿಯ ಕಲ್ಲುಗಳನ್ನು ಎತ್ತಿಸೋಣ, ಅವನಿದ್ದರೂ ಅದನ್ನೇ ಬಯಸುತ್ತಿದ್ದ ಎನ್ನುತ್ತಾಳೆ ಅಕ್ಕ. ಬದುಕಿಡೀ ಸೆಳೆಸಿಕೊಂಡವನನ್ನು ಈಗಲಾದರೂ ಬಿಟ್ಟುಬಿಡು ಎನ್ನುತ್ತಾಳೆ ತಂಗಿ. ಮಂತ್ರವಾದಿ ಬಾಗಿಲಲ್ಲಿ ಕಾದು ನಿಂತಿದ್ದಾನೆ. ತಂಗಿ ಅಪ್ಪನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದು ಕುಳಿತಿದ್ದಾಳೆ.